ಹುಡುಗ ಓದಿನ್ಯಾಗ ಹಿಂದ ಬಿದ್ದಾನ, ಅಸೆಸ್‌ಮೆಂಟ್ ಮಾಡ್ಸೋದೋ ಬ್ಯಾಡೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ ನವನಗರದಾಗ ನಮ್ಮನ್ಯಾಗ ಟ್ಯೂಷನ್ ಹೇಳಾಕ ಹತ್ತಿ ಹನ್ನೊಂದು ವರ್ಷ ಆತು. ಸಂಜಿಮುಂದ ಹುಡುಗ್ರನ್ನ ಕರಕೊಂಡು ಹೋಗಾಕ ಬರೋ ತಾಯಂದ್ರಾಗ ಯಾರರ ಒಬ್ರು, ಬ್ಯಾರೆಯವ್ರೆಲ್ಲ ಹೋಗೋತನಕ ಗೇಟ್ ಹಿಡ್ಕೊಂಡು ನಿಂತು, ಆಮ್ಯಾಲೆ ಸಣ್ಣ ದನಿಯಾಗ "ಟೀಚರ್, ಒಂದ್ ಮಾತು" ಅಂತಾರ. ಆ ಒಂದ್ ಮಾತು ಬಹಳ ಸಲ ಇದ ಇರ್ತೈತಿ. ನಾ ಡಾಕ್ಟರ್ ಅಲ್ಲ, ಸೈಕಾಲಜಿಸ್ಟೂ ಅಲ್ಲ. ನನ್ನ ಮಗನ್ನ ನಾಲ್ಕನೇತ್ತಾದಾಗ ಅಸೆಸ್‌ಮೆಂಟ್ ಮಾಡ್ಸಿದ್ವಿ, ಅದೂ ಎರಡು ವರ್ಷ ತಡ ಮಾಡಿ. ಓಣಿ ಹುಡುಗ್ರಿಗೆಲ್ಲ ಪಾಠ ಹೇಳೋ ನನಗ ನನ್ನ ಮಗಂದ ಕಾಣ್ಲಿಲ್ಲ. ಅದಕ್ಕ ಗೇಟಿನ ಹತ್ರ ಹೇಳಿದ್ದನ್ನೆಲ್ಲ ಇಲ್ಲಿ ಬರದಿಟ್ಟೀನಿ, ಪ್ರತಿ ಸಲ ಅದನ್ನ ಹೇಳಿ ಹೇಳಿ ಗಂಟಲ ಬಿದ್ದು ಹೋಗೈತಿ.

ಪ್ರಶ್ನೆ: ಅಸೆಸ್‌ಮೆಂಟ್ ಅಂದ್ರ ಏನ್ರಿ? ತಲಿ ಸ್ಕ್ಯಾನ್ ಮಾಡ್ತಾರೇನು?

ಇಲ್ರಿ. ಮಗು ಯಾಕ ಹಿಂದ ಬಿದ್ದೈತಿ ಅಂತ ಹುಡುಕೋ ತಪಾಸಣಿ ಅದು. ಸೂಜಿ ಇಲ್ಲ, ವೈರ್ ಇಲ್ಲ, ಎಲ್ಲಾ ಮಕ್ಕಳಿಗೂ ಸ್ಕ್ಯಾನ್ ಬೇಕಾಗಂಗೂ ಇಲ್ಲ. ಫಿಟ್ಸ್ ಗಿಟ್ಸ್ ಅನುಮಾನ ಇದ್ರ ಡಾಕ್ಟರ್ ಬ್ಯಾರೆ ಟೆಸ್ಟ್ ಬರದು ಕೊಡ್ತಾರ, ಅದು ಬ್ಯಾರೆ ಮಾತು. ಬಹಳ ಮಟ್ಟಿಗೆ ಇದು ಕುಂತು ಮಾತಾಡೋದು, ಓದ್ಸೋದು, ಬರಸೋದು, ಚಿತ್ರ ತೋರ್ಸಿ ಕೇಳೋದು, ಕಟ್ಟಿಗಿ ತುಂಡು ಜೋಡ್ಸೋದು, ಇಷ್ಟ. ತಾಯಿ-ತಂದಿ ಹತ್ರನೂ ಒಂದ್ ತಾಸು ಕೇಳ್ತಾರ, ಹೆರಿಗಿ ಹೆಂಗಾತು, ಹುಟ್ಟಿದ ಕೂಡ್ಲೆ ಅತ್ತಿತ್ತೇನು, ತೂಕ ಎಷ್ಟಿತ್ತು, ಕಾಮಣಿ ಆಗಿತ್ತೇನು, ಯಾವಾಗ ನಡೀತು, ಯಾವಾಗ ಮಾತಾಡ್ತು. ಒಂದ ದಿನಕ್ಕ ಮುಗಿಯಂಗಿಲ್ಲ, ಎರಡು ಮೂರು ಸಲ ಕರೀಬಹುದು, ಮಗು ದಣದ್ರ ಟೆಸ್ಟಿನ ಉತ್ತರಾನೂ ದಣದಂಗ ಬರ್ತಾವು ನೋಡ್ರಿ.

ಪ್ರಶ್ನೆ: ಎಲ್ಲಾ ಹುಡುಗ್ರೂ ಒಂದೊಂದ್ಸಲ ಹಿಂದ ಬೀಳ್ತಾರ. ನಮ್ಮದು ಬರೇ ಆಳಸಿತನ ಅಲ್ಲ ಅಂತ ಹೆಂಗ ಗೊತ್ತಾಗಬೇಕು?

ಆಳಸಿ ಹುಡುಗ ಎಲ್ಲಾದ್ರಾಗೂ ಆಳಸಿ ಇರ್ತಾನ. ಆದ್ರ ಬಾಯಿಲೆ ಕೇಳಿದ್ರ ಪಟಪಟ ಉತ್ತರ ಹೇಳಿ, ಅದನ್ನ ಬರಿ ಅಂದ್ರ ಅಳ್ತಾನ ಅಂದ್ರ ಅದು ಆಳಸಿತನ ಅಲ್ಲ. ಅಂಗಡಿಗೆ ಕಳ್ಸಿದ್ರ ಚಿಲ್ಲರಿ ಲೆಕ್ಕ ತಪ್ಪದ ತರೋನು ಪಟ್ಟಿಯೊಳಗಿನ ಕೂಡೋ ಲೆಕ್ಕಕ್ಕ ಬೆವರ್ತಾನ ಅಂದ್ರ, ಅಥವಾ ಒಂದು ತಾಸು ಕುಂತು ಕಲಿತ ಪದ ಮರುದಿನ ಹೊಸಾದ್ ಕಂಡಂಗ ನೋಡ್ತಾನ ಅಂದ್ರ, ಅಲ್ಲಿ ಏನೋ ಸಿಕ್ಕಾಕ್ಕೊಂಡೈತಿ.

ನನ್ನ ಮಗಂದು ಹೇಳ್ತೀನಿ. ಎರಡನೇತ್ತಾದಾಗ ಕನ್ನಡ ಪಾಠ ಗಡಗಡ ಓದ್ತಿದ್ದ, ನಂಗ ಭಾಳ ಹೆಮ್ಮಿ. ಒಂದಿನ ನಾ ರೊಟ್ಟಿ ಬಡಿಯಾಕ ಕುಂತಿದ್ದೆ, ಆಂವ ಬಾಜೂಕ ಪುಸ್ತಕ ಹಿಡ್ಕೊಂಡು ಕುಂತಿದ್ದ, ಹಿಟ್ಟು ಹತ್ತಿದ ಕೈಲೆ ನಾನ ಪುಟ ತಿರುವಾಕ ಹೋಗಿ ಎರಡು ಪುಟ ಒಮ್ಮೆಲೆ ತಿರುಗಿದ್ವು. ಆಂವ ನಿಲ್ಲಿಸ್ಲೇ ಇಲ್ರಿ. ಆ ಪುಟದಾಗ ಇಲ್ಲದ ಪಾಠ ಓದ್ಕೋತ ಹೊಂಟ, ಬೊಟ್ಟು ಮಾತ್ರ ಸಾಲಿನ ಮ್ಯಾಲೆ ಸರೀತಿತ್ತು. ನಾನು ಒಂದು ಪದದ ಮ್ಯಾಲೆ ಬೊಟ್ಟಿಟ್ಟು "ಇದೇನೋ" ಅಂದೆ, 'ಹಕ್ಕಿ' ಅಂತ ಇತ್ತು. ಆಂವ ಪುಸ್ತಕ ನೋಡ್ಲಿಲ್ಲ, ನನ್ನ ಮಾರಿ ನೋಡಿದ. ಹಂಚಿನ ಮ್ಯಾಗಿನ ರೊಟ್ಟಿ ಹೊತ್ತಿ ಹೋತು. ಪೂರ್ತಿ ಪುಸ್ತಕ ಕಿವಿಲೆ ಕೇಳಿ ಬಾಯಿಪಾಠ ಮಾಡಿದ್ದ, ಏಳು ವರ್ಷದ ಹುಡುಗ, ಓದಾಕ ಬರಂಗಿಲ್ಲ ಅನ್ನೋದು ಮುಚ್ಚಿಡಾಕ ಎಷ್ಟು ದುಡದಿರಬೇಕು ಲೆಕ್ಕ ಹಾಕ್ರಿ. ಅದಾಗಿ ಮತ್ತ ಎರಡು ವರ್ಷ ಕಾಯ್ದ್ವಿ ನಾವು, "ಗಂಡು ಹುಡುಗ್ರು ತಡಾನ" ಅಂತ ಮನ್ಯಾಗ ಎಲ್ಲಾರೂ ಅಂದ್ರು ಅಂತ.

ಮನ್ಯಾಗ ನೋಡಾಕ ಸರಳ ದಾರಿ ಅಂದ್ರ ಇದ: ಪಾಠದ ಪುಸ್ತಕ ಬಿಟ್ಟು ಬ್ಯಾರೆ ಏನರ ಓದ್ಸ್ರಿ, ಬಸ್ಸಿನ ಬೋರ್ಡ್, ಪೇಪರಿನ ಹೆಡ್ಡಿಂಗ್, ಮದುವಿ ಕಾರ್ಡು.

ಪ್ರಶ್ನೆ: ಅಕ್ಷರ ಉಲ್ಟಾ ಬರಿತಾನ, ಭ ಬದ್ಲಿ ಬ ಬರಿತಾನ. ಡಿಸ್ಲೆಕ್ಸಿಯಾ (ಓದು-ಬರಹದ ತೊಂದರಿ) ಅಂತ ಯೂಟ್ಯೂಬಿನ್ಯಾಗ ನೋಡಿದ್ವಿ.

ಯೂಟ್ಯೂಬಿನ್ಯಾಗ ಹೇಳೋದು ಬಹಳ ಮಾಡಿ ಇಂಗ್ಲಿಷ್ ಬಿ ಮತ್ತ ಡಿ ಮಾತು. ನಮ್ಮ ಕನ್ನಡದ ತ್ರಾಸ ಬ್ಯಾರೆ. ವರ್ಣಮಾಲಿ 49 ಅಷ್ಟ ಅಂತೀವಿ, ಆದ್ರ 34 ವ್ಯಂಜನಕ್ಕ ಕಾಗುಣಿತ ಹಚ್ಕೋತ ಹೋದ್ರ ನಾಕುನೂರರ ಮ್ಯಾಲೆ ಆಕಾರ ಆಗ್ತಾವು, ಅದರ ಮ್ಯಾಲೆ ಒತ್ತಕ್ಷರ. ಅದನ್ನೆಲ್ಲ ಕೈವಶ ಮಾಡ್ಕೊಳ್ಳಾಕ ಚಲೋ ಹುಡುಗ್ರಿಗೂ ಮೂರು ನಾಕು ವರ್ಷ ಬೇಕು. ಒಂದನೇತ್ತಾ ಹುಡುಗ ಒತ್ತು ತಪ್ಪಿದ್ರ ಚಿಂತಿ ಬ್ಯಾಡ.

ಇನ್ನ ಭ-ಬ, ಧ-ದ, ಥ-ತ. ನಾವೆಲ್ಲ ಮಾತಾಡೋವಾಗ ಮಹಾಪ್ರಾಣ ಎಲ್ಲಿ ಹಚ್ತೀವ್ರಿ? "ದಾರವಾಡ" ಅಂತನ ಅಂತೀವಿ. ಮಗು ಕೇಳಿದಂಗ ಬರಿತೈತಿ. ಅದಕ್ಕ ಭಾರತನ ಬಾರತ ಮಾಡಿದ್ರ ರೋಗ ಅಲ್ಲ, ಊರಿನ ದನಿ. ನಾನು ಕಾಳಜಿ ಮಾಡೋದು ಇಂಥಾದ್ಕ: ಮೂರನೇತ್ತಾ ಮುಗಿದ್ರೂ ಕಿ ಮತ್ತ ಕೀ, ಕು ಮತ್ತ ಕೂ ಒಂದ ಆಗೋದು, ಮ-ವ, ನ-ಸ ಗಲಿಬಿಲಿ ಹೋಗ್ದ ಇರೋದು, ಪದದಾಗಿನ ನಡುವಿನ ಅಕ್ಷರ ನುಂಗೋದು, ಬೋರ್ಡ್ ಮ್ಯಾಗಿಂದು ಒಂದೊಂದ ಅಕ್ಷರ ತಲಿ ಎತ್ತಿ ಎತ್ತಿ ನೋಡಿ ಬರಿಯೋದು, ಒಂದ ಪುಟದಾಗ ಒಂದ ಪದ ಮೂರು ನಮೂನಿ ಬರಿಯೋದು. ನನ್ನ ಮಗನ ಪಟ್ಟಿಯೊಳಗ ಕೃಷ್ಣ ಅನ್ನೋದು ಕುಷನ, ಕಷ್ಣು, ಕೃಷ ಅಂತ ಮೂರು ಅವತಾರ ಎತ್ತಿತ್ತು, ಅದೂ ಒಂದ ಪುಟದಾಗ.

ಪ್ರಶ್ನೆ: ಮೊದ್ಲು ಯಾರ ಹತ್ರ ಹೋಗಬೇಕು?

ಕಣ್ಣು, ಕಿವಿ. ಇದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ. ಐದನೇತ್ತಾ ಹುಡುಗಿ ಒಬ್ಬಾಕಿ ನನ್ನ ಹತ್ರ ಬರ್ತಿದ್ಲು, ಉಕ್ತಲೇಖನ ಹೇಳಿದ್ರ ಅರ್ಧ ಪದ ಬ್ಯಾರೆನ ಬರಿತಿದ್ಲು, ಸಾಲ್ಯಾಗ "ದಡ್ಡಿ" ಅಂತ ಹೆಸರು ಬಿದ್ದಿತ್ತು. ನಾನು ಆಕಿ ಬೆನ್ನ ಹಿಂದ ನಿಂತು ಹೆಸರಿಡಿದು ಕರದೆ, ತಿರುಗ್ಲಿಲ್ಲ. ಮುಂದ ನಿಂತು ಹೇಳಿದ್ರ ಎಲ್ಲಾ ಸರಿ, ತುಟಿ ನೋಡ್ಕೋತ ಬರಿತಿದ್ಲು ಪಾಪ. ಕಿವಿ ಸೋರ್ತಿತ್ತಂತ, ಸಣ್ಣಾಕಿ ಇದ್ದಾಗಿಂದ, ಮನ್ಯಾಗ ಬಳ್ಳೊಳ್ಳಿ ಎಣ್ಣಿ ಕಾಸಿ ಹಾಕ್ತಿದ್ರಂತ. ಇಎನ್‌ಟಿ ಡಾಕ್ಟರ್ ನೋಡಿ ಕಿವಿ ಪರದೆ ತೂತಾಗೈತಿ ಅಂದ್ರು. ಆಕಿಗೆ ಬುದ್ಧಿಮಟ್ಟ ಅಳಿಯೋ ಐಕ್ಯೂ ಟೆಸ್ಟ್ ಬೇಕಾಗೇ ಇರ್ಲಿಲ್ಲ.

ದೊಡ್ಡ ಮಕ್ಕಳಿಗೆ ಆಡಿಯೋಮೆಟ್ರಿ ಅಂತ ಮಾಡ್ತಾರ, ಹೆಡ್‌ಫೋನ್ ಹಾಕಿ ಸಪ್ಪಳ ಕೇಳಿದಾಗ ಕೈ ಎತ್ತು ಅಂತಾರ. ಕೂಸುಗೋಳಿಗೆ ಬೆರಾ ಟೆಸ್ಟ್, ಮಲಗಿಸಿ ಮಾಡೋದು. ಇದರ ಜೋಡಿ ಮಕ್ಕಳ ಡಾಕ್ಟರ್‌ಗೆ ತೋರ್ಸಿ ರಕ್ತ ಕಡಿಮಿ ಐತೇನು, ಥೈರಾಯ್ಡ್ ಸರಿ ಐತೇನು ನೋಡ್ಸ್ರಿ. ಇನ್ನೊಂದು, ಹುಡುಗ ಮಾತಾಡ್ಕೋತ ಇದ್ದಾಂವ ಹತ್ತು ಸೆಕೆಂಡ್ ದಿಟ್ಟಿಸಿ ನೋಡ್ಕೋತ ನಿಂತು, ಕರದ್ರೂ ಕೇಳಿಸಲ್ದ, ಮತ್ತ ಏನೂ ಆಗಿಲ್ಲದಂಗ ಶುರು ಮಾಡ್ತಾನ, ದಿನಕ್ಕ ಬಹಳ ಸಲ ಹಿಂಗಾಗ್ತೈತಿ ಅಂದ್ರ "ಕನಸು ಕಾಣ್ತಾನ" ಅಂತ ಬೈಬ್ಯಾಡ್ರಿ, ಅದು ಒಂದು ನಮೂನಿ ಫಿಟ್ಸ್ ಇರಬಹುದು, ಮೊಬೈಲಿನ್ಯಾಗ ವಿಡಿಯೋ ಮಾಡ್ಕೊಂಡು ಡಾಕ್ಟರ್‌ಗೆ ತೋರ್ಸ್ರಿ.

ಪ್ರಶ್ನೆ: ಮನ್ಯಾಗ ನಾವು ಲಂಬಾಣಿ ಮಾತಾಡ್ತೀವಿ, ಸಾಲ್ಯಾಗ ಕನ್ನಡ. ಅದಕ್ಕ ಹಿಂದ ಬಿದ್ದಿರಬಹುದೇನು?

ಬೀಳಬಹುದು, ಮತ್ತ ಅದು ಮಗುವಿನ ತಪ್ಪಲ್ಲ. ಗದಗ ಕಡೆ ತಾಂಡಾದ ಹುಡುಗ್ರು, ಮನ್ಯಾಗ ಉರ್ದು, ಮರಾಠಿ ಇರೋ ಹುಡುಗ್ರು, ಒಂದನೇತ್ತಾಕ್ಕ ಬಂದಾಗನ ಕನ್ನಡ ಹೊಸಾದಾಗಿ ಕೇಳ್ತಾರ. ತಾಯಿ-ತಂದಿ ದುಡಿಯಾಕ ಗೋವಾಕ್ಕೋ, ಕಬ್ಬು ಕಡಿಯಾಕೋ ಹೋದಾಗ ಮೂರು ತಿಂಗಳು ಸಾಲಿ ತಪ್ಪಿದ ಮಕ್ಕಳದೂ ಇದ ಕತಿ, ಅವಕ್ಕ ಪಾಠ ಸಿಕ್ಕಿಲ್ಲ, ಟೆಸ್ಟ್ ಏನ್ ಹೇಳ್ತೈತಿ? ಆದ್ರ ನೋಡ್ಬೇಕಾದ್ದು ಒಂದೈತಿ: ಮನಿ ಮಾತಿನ್ಯಾಗ ಮಗು ಹೆಂಗೈತಿ? ಲಂಬಾಣಿಯೊಳಗ ಕತಿ ಹೇಳ್ತೈತಿ, ಅಜ್ಜಿ ಜೋಡಿ ವಾದ ಮಾಡ್ತೈತಿ, ತಮಾಷಿ ಮಾಡ್ತೈತಿ ಅಂದ್ರ ಕನ್ನಡ ಕಲಿಸೋದರ ಕಡೆ ಜೋರು ಕೊಡ್ರಿ. ಮನಿ ಮಾತಿನ್ಯಾಗೂ ತಡವರಿಸ್ತೈತಿ ಅಂದ್ರ ಆವಾಗ ಅಸೆಸ್‌ಮೆಂಟ್. ಟೆಸ್ಟ್ ಮಾಡೋರಿಗೆ ಮನಿ ಮಾತು ಯಾವ್ದು ಅಂತ ಮೊದಲನ ಹೇಳ್ರಿ, ಕೇಳಿಲ್ಲಂದ್ರೂ ಹೇಳ್ರಿ.

ಪ್ರಶ್ನೆ: ಇಂಗ್ಲಿಷ್ ಮೀಡಿಯಂ ಬಿಡ್ಸಿ ಕನ್ನಡ ಸಾಲಿಗೆ ಹಾಕಿದ್ರ ಸರಿ ಹೋಗ್ತೈತೇನು?

ಕೆಲವ್ರಿಗೆ ಹೋಗ್ತೈತಿ. ಮನ್ಯಾಗ ಇಂಗ್ಲಿಷ್ ಗಾಳಿನ ಇಲ್ದ ಮಗುಗ ಭಾರ ಕಡಿಮಿ ಆಗ್ತೈತಿ. ಆದ್ರ ಕಲಿಕಿ ತೊಂದರಿ ಖರೇನ ಇದ್ರ ಅದು ಎರಡೂ ಭಾಷಾದಾಗ ಇರ್ತೈತಿ, ಸಾಲಿ ಬದಲಿಸಿದ್ರ ಒಂದು ವರ್ಷ ಕಳೀತೈತಿ ಅಷ್ಟ. ಮೊದ್ಲು ಯಾಕ ಅಂತ ತಿಳ್ಕೊಂಡು ಆಮ್ಯಾಲೆ ಮೀಡಿಯಂ ಬದಲಿಸ್ರಿ, ಮೀಡಿಯಂ ಬದಲಿಸಿ ಆಮ್ಯಾಲೆ ಯಾಕ ಅಂತ ಹುಡುಕಬ್ಯಾಡ್ರಿ.

ಪ್ರಶ್ನೆ: ಸಣ್ಣದು, ಎರಡು ವರ್ಷ ಆತು, ಮಾತು ಬಂದಿಲ್ಲ. ಅತ್ತಿ "ನಿನ್ನ ಗಂಡಾನೂ ನಾಕು ವರ್ಷಕ್ಕ ಮಾತಾಡಿದ್ದ" ಅಂತಾರ.

ಅತ್ತಿಯವರ ಮಾತು ಖರೇ ಇರಬಹುದು. ಆದ್ರೂ ಇಲ್ಲಿ ಮಾತ್ರ ನಾನು ಕಾಯ್ರಿ ಅನ್ನಂಗಿಲ್ಲ. ಓದು ಬರಹದಾಗ ಒಂದು ನಾಕು ತಿಂಗಳು ನೋಡೋಣ ಅನ್ನಬಹುದು, ಮಾತು ಮತ್ತ ಬೆಳವಣಗಿಯೊಳಗ ಬ್ಯಾಡ. ಒಂದು ವರ್ಷ ಆದ್ರೂ ಬ ಬ, ದ ದ ಅನ್ನಂಗಿಲ್ಲ, ಬೊಟ್ಟು ಮಾಡಿ ತೋರ್ಸಂಗಿಲ್ಲ, ಟಾಟಾ ಮಾಡಂಗಿಲ್ಲ. ಒಂದೂವರಿ ವರ್ಷಕ್ಕ ಒಂದೂ ಪದ ಇಲ್ಲ, ನಡಿಯಂಗಿಲ್ಲ. ಎರಡು ವರ್ಷಕ್ಕ "ಅವ್ವ ಬಾ", "ಹಾಲ ಬೇಕು" ಅಂತ ಎರಡು ಪದ ಕೂಡ್ಸಂಗಿಲ್ಲ. ಹೆಸರಿಡಿದು ಕರದ್ರ ತಿರುಗಿ ನೋಡಂಗಿಲ್ಲ. ಇದರಾಗ ಯಾವ್ದರ ಒಂದಿದ್ರೂ ತೋರ್ಸ್ರಿ. ಮತ್ತ ಬಂದಿದ್ದ ಮಾತು ಹೋತು ಅಂದ್ರ, ಯಾವ ವಯಸ್ಸೇ ಇರ್ಲಿ, ಆ ವಾರನ ಹೋಗ್ರಿ.

ನಾಲಿಗಿಗೆ ಬಜಿ ತೇಯ್ದು ಹಚ್ಚೋದು, ದೃಷ್ಟಿ ತಗ್ಯೋದು, ಗಿಣಿ ಕಚ್ಚಿದ ಹಣ್ಣು, ಎಲ್ಲಾ ಕೇಳೀನಿ. ಹಿರೇರ ಸಮಾಧಾನಕ್ಕ ದೃಷ್ಟಿ ತಗೀರಿ, ಜಗಳ ಬ್ಯಾಡ, ಆದ್ರ ಅದ ವಾರದಾಗ ಕಿವಿ ಟೆಸ್ಟೂ ಆಗ್ಲಿ. ಐದು ವರ್ಷದೊಳಗ ಮೆದುಳು ಭಾಳ ಲಗೂ ಬೆಳೀತೈತಿ, ಸ್ಪೀಚ್ ಥೆರಪಿ ಎಷ್ಟು ಲಗೂ ಶುರು ಆಗ್ತೈತೋ ಅಷ್ಟು ಚಲೋ. ಇನ್ನ ಮಾತು ಬರ್ಲಿ ಅಂತ ಮೊಬೈಲಿನ್ಯಾಗ ರೈಮ್ಸ್ ಹಚ್ಚಿ ಕೂಡ್ಸೋರಿಗೆ ಒಂದ್ ಮಾತು, ಮೊಬೈಲ್ ಮಾತಾಡ್ತೈತಿ, ಆದ್ರ ಕೂಸು ಹೇಳಿದ್ದನ್ನ ಕೇಳಂಗಿಲ್ಲ. ಅಂಗಳದಾಗ ಕುಂಡ್ರಿಸ್ಕೊಂಡು ಕಾಗಿ ತೋರ್ಸ್ರಿ, ಅದ ಮೇಲು.

ಪ್ರಶ್ನೆ: ಒಂದ್ ಕಡೆ ಕೂಡಂಗಿಲ್ಲ, ಆದ್ರ ಮೊಬೈಲ್ ಕೊಟ್ರ ಎರಡು ತಾಸು ಅಲುಗಾಡಂಗಿಲ್ಲ. ಹಂಗಾದ್ರ ಎಡಿಎಚ್‌ಡಿ (ಗಮನ ನಿಲ್ಲದ ತೊಂದರಿ) ಅಲ್ಲ ಅಲ್ಲೇನು?

ಮೊಬೈಲ್ ನೋಡಿ ಹೇಳಾಕ ಬರಂಗಿಲ್ರಿ. ಅದು ಪ್ರತಿ ಎರಡು ಸೆಕೆಂಡಿಗೆ ಹೊಸಾದು ತೋರಸ್ತೈತಿ, ಎಡಿಎಚ್‌ಡಿ ಇರೋ ಮಗೂನೂ ಅದಕ್ಕ ಅಂಟ್ಕೋತೈತಿ. ಡಾಕ್ಟರ್ ಕೇಳೋದು ಬ್ಯಾರೆ: ಮನಿ, ಸಾಲಿ ಎರಡೂ ಕಡೆ ಹಿಂಗ ಇದಾನೇನು, ಆರು ತಿಂಗಳ ಮ್ಯಾಲೆ ಆತೇನು, ಹನ್ನೆರಡು ವರ್ಷದ ಒಳಗನ ಶುರು ಆಗೈತೇನು. ಮನ್ಯಾಗ ಅಷ್ಟ ಗದ್ಲ, ಸಾಲ್ಯಾಗ ಗಪ್ಪ ಅಂದ್ರ ಮನಿ ಕಡೆ ಒಮ್ಮೆ ನೋಡ್ಕೋಬೇಕು, ಸಾಲ್ಯಾಗ ಅಷ್ಟ ಅಂದ್ರ ಅಲ್ಲೇನರ ಆಗಾಕ ಹತ್ತೈತಿ, ಯಾರರ ಕಾಡ್ತಿರಬಹುದು, ಪಾಠ ತಲಿಗೆ ಹತ್ತಲ್ದ ಚಡಪಡಿಸ್ತಿರಬಹುದು.

ಹೆಣ್ಣು ಹುಡುಗ್ಯಾರ ಸುದ್ದಿ ಯಾರೂ ಎತ್ತಂಗಿಲ್ಲ. ಆಕಿ ಗದ್ಲ ಮಾಡಂಗಿಲ್ಲ, ಸುಮ್ನ ಕಿಟಕಿ ನೋಡ್ಕೋತ ಕುಂತಿರ್ತಾಳ, "ಶಾಣ್ಯಾ ಹುಡುಗಿ, ತ್ರಾಸ ಕೊಡಂಗಿಲ್ಲ" ಅಂತಾರ, ಕಂಪಾಸ್ ಬಾಕ್ಸ್ ವಾರಕ್ಕೊಂದು ಕಳಕೊಂಡು ಬರ್ತಾಳ. ಗಮನದ ತೊಂದರಿ ಹಿಂಗೂ ಇರ್ತೈತಿ.

ಪ್ರಶ್ನೆ: ಸಾಲ್ಯಾಗ ಕೇಳಿದ್ರ "ಏನಿಲ್ರಿ, ಇನ್ನೊಂಚೂರು ಪ್ರಾಕ್ಟೀಸ್ ಮಾಡಸ್ರಿ" ಅಂತಾರ.

ನನಗೂ ಹಿಂಗ ಅಂದ್ರು, ಎರಡು ವರ್ಷ. ಆಮ್ಯಾಲೆ ಅದ ಸಾಲಿಯವ್ರು ಒಂದಿನ ಕರದು "ನಿಮ್ಮ ಹುಡುಗನ್ನ ಬ್ಯಾರೆ ಕಡೆ ನೋಡ್ಕೊಳ್ರಿ" ಅಂದ್ರು. ಏನೂ ಇಲ್ಲದಿಂದ ಹಿಡ್ದು ಸಾಲಿ ಬಿಡಿಸೋದ್ರ ನಡುವ ಒಂದ್ ಮೆಟ್ಟಲಾನೂ ಇರ್ಲಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಎಂಟನೇತ್ತಾ ಮುಗಿಯೋತನಕ ಯಾವ ಮಗುನ್ನೂ ಸಾಲಿಯಿಂದ ಹೊರಗ ಹಾಕಂಗಿಲ್ಲ, ಆವಾಗ ಇದು ನಂಗ ಗೊತ್ತಿರ್ಲಿಲ್ಲ.

ಟೀಚರ್‌ಗಳ ಕಡೆಯಿಂದಾನೂ ಒಂದ್ ಮಾತು ಹೇಳಬೇಕು. ಸರಕಾರಿ ಸಾಲ್ಯಾಗ ನಲಿ-ಕಲಿ ಮೂರನೇತ್ತಾ ತನಕ, ಮಗು ತನ್ನ ವೇಗದಾಗ ಮೆಟ್ಟಲ ಹತ್ಕೋತ ಹೋಗ್ತೈತಿ, ಅದು ಚಲೋನ, ಆದ್ರ ಸಿಕ್ಕಾಕ್ಕೊಂಡ ಮಗು ಯಾರಿಗೂ ಕಾಣ್ದಂಗ ಅಲ್ಲೇ ಕುಂತಿರಬಹುದು, ನಾಲ್ಕನೇತ್ತಾಕ್ಕ ಬಂದ ಮ್ಯಾಲೆ ಒಮ್ಮೆಲೆ ಬಯಲಿಗೆ ಬೀಳ್ತೈತಿ. ಒಬ್ಬರ ಟೀಚರ್, ಮೂರು ಕ್ಲಾಸು ಇದ್ರ ಅವರರ ಎಷ್ಟು ನೋಡ್ತಾರ.

ಅದಕ್ಕ "ನಮ್ಮ ಹುಡುಗ ಹೆಂಗದಾನ್ರಿ" ಅಂತ ಕೇಳಬ್ಯಾಡ್ರಿ, "ಚಲೋ ಅದಾನ" ಅಂತನ ಉತ್ತರ ಬರ್ತೈತಿ. ಹಿಂಗ ಕೇಳ್ರಿ: ಕ್ಲಾಸಿನ್ಯಾಗ ಉಳಿದವ್ರು ಓದೋದನ್ನ ಇಂವ ಓದ್ತಾನೇನು? ಬೋರ್ಡಿಂದು ಬರಕೊಳ್ಳಾಕ ಎಷ್ಟೊತ್ತು ತಗೋತಾನ? ಇಂಟರ್ವೆಲ್‌ದಾಗ ಯಾರ ಜೋಡಿ ಆಡ್ತಾನ? ಸರಕಾರಿ ಸಾಲಿ ಆದ್ರ ಬಿಆರ್‌ಸಿ (ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಆಫೀಸಿನ್ಯಾಗ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರು ಇರ್ತಾರ, ಬಿಐಇಆರ್‌ಟಿ ಅಂತಾರ, ಅವ್ರ ಹತ್ರ ಹೋಗಿ ಮಾತಾಡ್ರಿ, ಬಹಳ ಮಂದಿಗೆ ಇವರು ಅದಾರ ಅನ್ನೋದ ಗೊತ್ತಿಲ್ಲ.

ಪ್ರಶ್ನೆ: ಹಂಗಾದ್ರ ಎಷ್ಟು ದಿನ ಕಾಯಬೇಕು?

ಮೂರರಿಂದ ನಾಕು ತಿಂಗಳು, ಅದೂ ಸುಮ್ನ ಕುಂತಲ್ಲ. ದಿನಾ ಇಪ್ಪತ್ತು ನಿಮಿಷ, ಮಗು ಇರೋ ಮಟ್ಟದಿಂದ, ನಾಲ್ಕನೇತ್ತಾದಾಗ ಇದ್ರೂ ಕಾಗುಣಿತ ಬರ್ಲಿಲ್ಲಂದ್ರ ಕಾಗುಣಿತದಿಂದ. ಬೈಗಳ ಇಲ್ಲ, ಹೊಡತ ಇಲ್ಲ. ಶುರು ಮಾಡೋ ದಿನ ಒಂದು ಪುಟ ಬರಿಸಿ ತಾರೀಖು ಹಾಕಿ ಇಡ್ರಿ, ತಿಂಗಳಿಗೊಂದು ಹಂಗ ಇಡ್ಕೋತ ಹೋಗ್ರಿ. ಪಾಠ ತಪ್ಪಿದ ಮಗು ಆದ್ರ ಆ ಪುಟದಾಗ ಫರಕ್ ಕಾಣ್ತೈತಿ. ನಾಕು ಪುಟಾನೂ ಒಂದ ನಮೂನಿ ಇದ್ರ ಮುಂದಿನ ಟ್ಯೂಷನ್ ಹುಡುಕಬ್ಯಾಡ್ರಿ, ಟ್ಯೂಷನ್ ಹೇಳೋ ನಾನ ಹೇಳಾಕ ಹತ್ತೀನಿ, ಅಸೆಸ್‌ಮೆಂಟ್‌ಗೆ ಹೋಗ್ರಿ.

ಕಾಯ್ಲೇಬಾರದು ಅನ್ನೋವೂ ಅದಾವು. ಸಾಲಿ ಅಂದ್ರ ಹೊಟ್ಟಿನೋವು ವಾಂತಿ ಅನ್ನೋದು, ರಾತ್ರಿ ಹಾಸಿಗಿ ಒದ್ದಿ ಮಾಡ್ಕೊಳ್ಳಾಕ ಹೊಸಾದಾಗಿ ಶುರು ಮಾಡೋದು, "ನಾ ದಡ್ಡ, ನಾ ಸತ್ರ ಚಲೋ" ಅನ್ನೋದು. ಕೊನಿ ಮಾತು ಬಂದ್ರ ಅವತ್ತ ಡಾಕ್ಟರ್ ಹತ್ರ ಹೋಗ್ರಿ. ರಾತ್ರಿ ಹೊತ್ತಾಗಿ ಯಾರೂ ಸಿಗ್ಲಿಲ್ಲಂದ್ರ ಟೆಲಿ-ಮಾನಸ್ ಸಹಾಯವಾಣಿ 14416ಕ್ಕ ಫೋನ್ ಹಚ್ರಿ, ಸರಕಾರದ್ದು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ.

ಪ್ರಶ್ನೆ: ನಮ್ಮ ಕಡೆ ಎಲ್ಲಿ ಮಾಡ್ತಾರ?

ಧಾರವಾಡದ ಡಿಮ್ಹಾನ್ಸ್, ಸರಕಾರದ ಮಾನಸಿಕ ಆರೋಗ್ಯ ದವಾಖಾನಿ. ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರ್, ಚಿಗರಿ ಬಸ್ ಹತ್ತಿ ಹೋದ್ರಾತು. "ಅದು ಹುಚ್ಚರ ದವಾಖಾನಿ ಅಲ್ಲೇನು" ಅಂತ ನಮ್ಮ ಅತ್ತಿನೂ ಅಂದಿದ್ರು, ಬ್ರಿಟಿಷರ ಕಾಲದಿಂದ ಇರೋದಕ್ಕ ಆ ಹೆಸರು ಇನ್ನೂ ಬಿಟ್ಟಿಲ್ಲ. ನಾವು ಹೋದಾಗ ಬಾಜೂಕ ಕುಂತವ್ರು ಸಾಲಿ ಯೂನಿಫಾರ್ಮಿನ್ಯಾಗ ಇದ್ದ ಹುಡುಗನ ಕರಕೊಂಡು ಬಂದ ಬ್ಯಾಂಕಿನವ್ರು. ಪಾಳಿ ಉದ್ದ ಇರ್ತೈತಿ, ಒಂದಿನ ರಜಾ ಹಾಕ್ರಿ.

ಹುಬ್ಬಳ್ಳಿ ಕಿಮ್ಸ್, ಈಗ ಅದರ ಹೆಸರು ಕೆಎಂಸಿಆರ್‌ಐ ಆಗೈತಿ, ಅಲ್ಲಿ ಮಕ್ಕಳ ವಿಭಾಗ, ಇಎನ್‌ಟಿ, ಕಣ್ಣು, ಮಾನಸಿಕ ವಿಭಾಗ ಎಲ್ಲಾ ಒಂದ ಆವಾರದಾಗ ಅದಾವು, ಕಣ್ಣು-ಕಿವಿ ಮುಗ್ಸಾಕ ಇದು ಅನುಕೂಲ. ಗದಗ, ಹಾವೇರಿಯವ್ರು ಮೊದ್ಲು ನಿಮ್ಮ ಜಿಲ್ಲಾ ಆಸ್ಪತ್ರಿಯೊಳಗ ಡಿಇಐಸಿ (ಮಕ್ಕಳ ತೊಂದರಿ ಲಗೂ ಗುರುತಿಸೋ ಕೇಂದ್ರ) ಅಂತ ಕೇಳ್ರಿ. 2013ರಾಗ ಶುರುವಾದ ಆರ್‌ಬಿಎಸ್‌ಕೆ ಮಕ್ಕಳ ಆರೋಗ್ಯ ಯೋಜನಾದಾಗ ಹುಟ್ಟಿದಾಗಿಂದ 18 ವರ್ಷದ ತನಕದ ಮಕ್ಕಳನ್ನ ನೋಡ್ತಾರ, ಬೆಳವಣಗಿ ತಡ ಆಗೋದೂ ಅದರಾಗ ಬರ್ತೈತಿ. ವರ್ಷಕ್ಕೊಮ್ಮೆ ಸರಕಾರಿ ಸಾಲಿಗೆ, ಎರಡು ಸಲ ಅಂಗನವಾಡಿಗೆ ಬರೋ ಡಾಕ್ಟರ್ ತಂಡ ಅವರದ್ದ. ಬರೋ ದಿನ ಹುಡುಗನ್ನ ಸಾಲಿ ತಪ್ಪಿಸಬ್ಯಾಡ್ರಿ, ಸಾಧ್ಯ ಆದ್ರ ನೀವೂ ಹೋಗಿ ನಿಂತು ನಿಮ್ಮ ಅನುಮಾನ ಬಾಯಿಬಿಟ್ಟು ಹೇಳ್ರಿ, ಅವರಿಗೆ ಒಂದ ದಿನದಾಗ ನೂರಾರು ಮಕ್ಕಳು. ಮಾತು, ಕಿವಿ ತೊಂದರಿ ಗಟ್ಟಿ ಐತಿ ಅಂದ್ರ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಬರದು ಕೊಡಬಹುದು, ದೂರ ಆದ್ರೂ ಹೋಗಿ ಬಂದವ್ರು ಬೈದಿದ್ದು ಕೇಳಿಲ್ಲ.

ಪ್ರಶ್ನೆ: ಖಾಸಗಿ ಸೆಂಟರ್‌ಗೆ ಹೋದ್ರ ಲಗೂ ಆಗ್ತೈತಿ ಅಂತಾರ.

ಆಗ್ತೈತಿ. ಒಂದ ಮಾತು ಕೇಳ್ರಿ: "ನಿಮ್ಮದು ಆರ್‌ಸಿಐ ನಂಬರ್ ಐತೇನ್ರಿ?" ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್ ಇವರೆಲ್ಲ ಭಾರತೀಯ ಪುನರ್ವಸತಿ ಪರಿಷತ್ತಿನ್ಯಾಗ ನೋಂದಣಿ ಇರಬೇಕು. ಇದ್ದವ್ರು ಸಿಟ್ಟಾಗಂಗಿಲ್ಲ, ಬೋರ್ಡ್ ಮ್ಯಾಲೆ ಬರದಿರ್ತಾರ. ನಾವು ಮೊದಲು ಹೋದ ಒಂದು ಕಡೆ ಹತ್ತು ನಿಮಿಷದಾಗ ಕಂಪ್ಯೂಟರ್ ಮ್ಯಾಲೆ ಬೆರಳಚ್ಚು ತಗೊಂಡು ಬಣ್ಣ ಬಣ್ಣದ ಇಪ್ಪತ್ತು ಪುಟದ ರಿಪೋರ್ಟ್ ಕೊಟ್ರು, ಹುಡುಗ "ಮುಂದಿನ ದಿನದಾಗ ಲೀಡರ್" ಅಂತ ಬರದಿತ್ತು, ಓದಾಕ ಯಾಕ ಬರಂಗಿಲ್ಲ ಅಂತ ಮಾತ್ರ ಇರ್ಲಿಲ್ಲ. ಕಣ್ಣಿಗೆ ಬಟ್ಟಿ ಕಟ್ಟಿ ಓದಸ್ತೀವಿ, ನಡುಮೆದುಳು ಎಬ್ಬಸ್ತೀವಿ ಅನ್ನೋರೂ ಅದ ಪೈಕಿ, ಬಟ್ಟಿ ಕೆಳಗಿನ ಸಂದಿಯೊಳಗಿಂದ ನೋಡಿ ಓದ್ತಾವು ಮಕ್ಕಳು, ಅದಕ್ಕ ಫೀಸು.

ಪ್ರಶ್ನೆ: ಟೆಸ್ಟಿನ್ಯಾಗ ಕೇಳೋದೆಲ್ಲ ಇಂಗ್ಲಿಷಾ? ನಮ್ಮ ಹುಡುಗಗ ತಿಳಿಬೇಕಲ್ಲ.

ಕನ್ನಡದಾಗ ಮಾಡ್ತಾರ. ಬಿನೆ-ಕಾಮತ್ ಅಂತ ಒಂದ್ ಟೆಸ್ಟ್ ಇನ್ನೂ ಬಳಸ್ತಾರ, ಅದನ್ನ ವಿ. ವಿ. ಕಾಮತ್ ಅನ್ನೋರು 1930ರ ದಶಕದಾಗ ಕನ್ನಡ ಮತ್ತ ಮರಾಠಿ ಮಾತಾಡೋ ಮಕ್ಕಳ ಸಲುವಾಗೇ ಹೊಂದಿಸಿದ್ದು. ಹಳೇದು ಹೌದು, ಆದ್ರ ನಮ್ಮ ಕಡೆ ಮಕ್ಕಳನ್ನ ಕಣ್ಣ ಮುಂದ ಇಟ್ಕೊಂಡು ಮಾಡಿದ್ದು. ಓದು, ಬರಹ, ಲೆಕ್ಕ ನೋಡಾಕ ಬೆಂಗಳೂರಿನ ನಿಮ್ಹಾನ್ಸ್ ಮಾಡಿದ ಟೆಸ್ಟ್ ಬಳಸ್ತಾರ. ಊಟ, ಬಟ್ಟಿ, ಅಂಗಡಿಗೆ ಹೋಗೋದು ಇಂಥಾ ದಿನದ ಕೆಲಸ ತಾನ ಮಾಡ್ಕೋತಾನೇನು ಅಂತ ನಿಮ್ಮನ್ನ ಕೇಳೋದಕ್ಕೂ ಒಂದ್ ಟೆಸ್ಟ್ ಐತಿ. ಅಲ್ಲಿ ಹೆಮ್ಮಿಗೆ ಸುಳ್ಳ ಹೇಳಬ್ಯಾಡ್ರಿ, ಅಂಗಿ ಗುಂಡಿ ನೀವ ಹಾಕ್ತಿದ್ರ ನಾವ ಹಾಕ್ತೀವಿ ಅನ್ರಿ.

ಪ್ರಶ್ನೆ: ರಿಪೋರ್ಟಿನ್ಯಾಗ ಐಕ್ಯೂ 78 ಅಂತ ಬಂದೈತಿ. ಅಂದ್ರ ಏನು?

ಸಾಧಾರಣ 90ರಿಂದ 109ರ ನಡುವ ಇರೋದನ್ನ ಸರಾಸರಿ ಅಂತಾರ. 70ರ ಕೆಳಗ ಇದ್ದು, ದಿನದ ಕೆಲಸದಾಗೂ ವಯಸ್ಸಿಗಿಂತ ಹಿಂದ ಇದ್ರ ಬೌದ್ಧಿಕ ತೊಂದರಿ ಅಂತ ಬರಿತಾರ. ಬುದ್ಧಿ ಸರಾಸರಿ ಇದ್ದು, ಓದು-ಬರಹ ಮಾತ್ರ ಎರಡು ಕ್ಲಾಸ್ ಹಿಂದ ಇದ್ರ ಅದು ಕಲಿಕಾ ನ್ಯೂನತೆ, ನನ್ನ ಮಗಂದು ಇದ. 78 ಅಂದ್ರ ನಡುವಿಂದು, ಸ್ಲೋ ಲರ್ನರ್ ಅಂತಾರ. ಎಲ್ಲರಕಿಂತ ಕಷ್ಟದಾಗ ಇರೋರು ಇವ್ರ ಅಂತ ನಂಗ ಅನಸ್ತೈತಿ, ಯಾಕಂದ್ರ 2016ರ ವಿಕಲಚೇತನರ ಹಕ್ಕು ಕಾಯ್ದೆಯೊಳಗ 21 ನಮೂನಿ ಅದಾವು, ಇದು ಒಂದರಾಗೂ ಇಲ್ಲ, ಸರ್ಟಿಫಿಕೇಟ್ ಸಿಗಂಗಿಲ್ಲ, ಕ್ಲಾಸಿನ ವೇಗಾನೂ ಸಿಗಂಗಿಲ್ಲ. ಇವ್ರಿಗೆ ಬೇಕಾದ್ದು ಅದ ಪಾಠ ಸಣ್ಣ ಸಣ್ಣ ತುಂಡು ಮಾಡಿ, ನಾಕು ಸಲ, ಕಣ್ಣಿಗೆ ಕಾಣೋ ವಸ್ತು ಹಿಡ್ಕೊಂಡು ಹೇಳೋದು. ಇವರಾಗ ಕೈಕೆಲಸದಾಗ ಭಾಳ ಜಾಣ ಹುಡುಗ್ರನ್ನ ನೋಡೀನಿ. ಮತ್ತ ಆ ನಂಬರ್ ಹಣಿ ಮ್ಯಾಲಿನ ಬರಹ ಅಲ್ಲ, ಜ್ವರ ಇದ್ದಾಗ, ಹಸದಾಗ, ಹೆದರಿದಾಗ ಕಡಿಮಿ ಬರ್ತೈತಿ.

ಪ್ರಶ್ನೆ: ಸರ್ಟಿಫಿಕೇಟ್ ಮಾಡಿಸಿದ್ರ ಮುಂದ ಹೆಣ್ಣು ಹುಡುಗಿ ಮದುವಿಗೆ ತೊಡಕಾಗಂಗಿಲ್ಲೇನು?

ಅಸೆಸ್‌ಮೆಂಟ್ ಬ್ಯಾರೆ, ಸರ್ಟಿಫಿಕೇಟ್ ಬ್ಯಾರೆ. ಟೆಸ್ಟ್ ಮಾಡಿಸಿ ರಿಪೋರ್ಟ್ ಟ್ರಂಕಿನ್ಯಾಗ ಇಟ್ಕೊಂಡು ಮನ್ಯಾಗ ಕಲಿಸೋ ರೀತಿ ಅಷ್ಟ ಬದಲಿಸಬಹುದು, ಯಾರಿಗೂ ತೋರಿಸಬೇಕಂತಿಲ್ಲ. ಸರ್ಟಿಫಿಕೇಟ್ ಬೇಕಾಗೋದು ಪರೀಕ್ಷಾ ರಿಯಾಯ್ತಿ, ಸವಲತ್ತು ಬೇಕಂದ್ರ. ಆಗ ವಿಕಲಚೇತನರ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಬೇಕು, ಸವಲತ್ತಿಗೆ ವಿಕಲತೆ 40 ಪರ್ಸೆಂಟ್ ಇರಬೇಕಂತ ಲೆಕ್ಕ ಐತಿ. ಕಲಿಕಾ ನ್ಯೂನತೆಗೆ ಸರಕಾರದ ಮಾರ್ಗಸೂಚಿ ಪ್ರಕಾರ 8 ವರ್ಷ ತುಂಬಿದ ಮ್ಯಾಲೆನ ಸರ್ಟಿಫಿಕೇಟ್, ಅದಕ್ಕ ಎರಡನೇತ್ತಾ ಹುಡುಗನ್ನ ಒಯ್ದ್ರ "ಮೂರನೇತ್ತಾ ಆಗ್ಲಿ" ಅನ್ನಬಹುದು. ಸರ್ಟಿಫಿಕೇಟಿಗೆ ಕಾಯ್ರಿ, ಕಲಿಸಾಕ ಕಾಯಬ್ಯಾಡ್ರಿ. ಇನ್ನ ಮದುವಿ ಮಾತು, ಆಕಿಗಿನ್ನ ಒಂಬತ್ತು ವರ್ಷ.

ಪ್ರಶ್ನೆ: ಪರೀಕ್ಷಾದಾಗ ಏನು ರಿಯಾಯ್ತಿ ಸಿಗ್ತೈತಿ?

ಹೆಚ್ಚಿನ ಟೈಮ್, ಬರಿಯಾಕ ಬ್ಯಾರೆಯವರ ಸಹಾಯ, ಕೆಲವು ಭಾಷಾ ವಿನಾಯ್ತಿ. ಸಿಬಿಎಸ್‌ಇಯೊಳಗ ಮೂರು ತಾಸಿನ ಪೇಪರಿಗೆ ಒಂದ್ ತಾಸು ಹೆಚ್ಚಿಗಿ. ಎಸ್ಸೆಸ್ಸೆಲ್ಸಿಗೆ ಸಾಲಿ ಹೆಡ್‌ಮಾಸ್ತರ್ ಮೂಲಕ ಮೊದಲನ ಕಾಗದ ಹೋಗಬೇಕು, ಹಾಲ್ ಟಿಕೆಟ್ ಬಂದ ಮ್ಯಾಲೆ ಓಡಾಡಿದ್ರ ಆಗಂಗಿಲ್ಲ. ಒಂಬತ್ತನೇತ್ತಾದಾಗನ ಶುರು ಮಾಡ್ರಿ.

ಪ್ರಶ್ನೆ: ಗುಳಗಿ ಕೊಡ್ತಾರೇನು?

ಓದಾಕ ಬರೋ ಗುಳಗಿ ಜಗತ್ತಿನ್ಯಾಗ ಇಲ್ಲ. ನೆನಪಿನ ಟಾನಿಕ್ಕಿಗೆ ಹಾಕೋ ರೊಕ್ಕಕ್ಕ ಶೇಂಗಾ ಚಿಕ್ಕಿ, ತತ್ತಿ ತಂದು ಕೊಡ್ರಿ. ಎಡಿಎಚ್‌ಡಿಗೆ ಔಷಧಿ ಐತಿ, ಕೆಲಸಾನೂ ಮಾಡ್ತೈತಿ, ಆದ್ರ ಡಾಕ್ಟರ್ ನೋಡಿ ಬರೀಬೇಕು, ಸಣ್ಣ ಮಕ್ಕಳಿಗೆ ಮೊದ್ಲು ತಾಯಿ-ತಂದಿಗೆ ತರಬೇತಿ ಕೊಟ್ಟು ನೋಡ್ತಾರ.

ಪ್ರಶ್ನೆ: ಮಗುಗ ಏನಂತ ಹೇಳಿ ಕರಕೊಂಡು ಹೋಗೋದು?

ಸುಳ್ಳ ಹೇಳಬ್ಯಾಡ್ರಿ. ನನ್ನ ಗಂಡ "ಉಣಕಲ್ ಕೆರಿಗೆ ಹೊಂಟೀವಿ" ಅಂತ ಹೇಳಿ ಹೊಂಡಿಸಿದ್ರು, ಬಸ್ ಕೆರಿ ಕಡೆ ಹೋಗ್ದ ಧಾರವಾಡದ ಹಾದಿ ಹಿಡಿದಾಗ ಹುಡುಗ ಕಿಟಕಿ ಕಡೆ ತಿರುಗಿ ಕುಂತಾಂವ ಮತ್ತ ಮಾತಾಡ್ಲಿಲ್ಲ, ಅವತ್ತಿನ ಟೆಸ್ಟ್ ಅರ್ಧಕ್ಕ ಬಿಟ್ಟು ಬಂದ್ವಿ. ಎರಡನೇ ಸಲ ನಾನ ಹೇಳಿದೆ, "ನಿಂಗ ಓದಾಕ ತ್ರಾಸ ಆಗ್ತೈತಿ, ನಿನ್ನ ತಪ್ಪಿಲ್ಲ, ಯಾಕ ತ್ರಾಸ ಅಂತ ನೋಡೋ ಟೀಚರ್ ಅದಾರ, ಮಾರ್ಕ್ಸ್ ಇರಂಗಿಲ್ಲ, ಪಾಸ್-ಫೇಲ್ ಇರಂಗಿಲ್ಲ." ಆಂವ ಒಂದ ಕೇಳಿದ: "ಸಾಲ್ಯಾಗ ಗೊತ್ತಾಗ್ತೈತೇನು?"

ಪ್ರಶ್ನೆ: ಹೋಗೋವಾಗ ಏನೇನು ಒಯ್ಯಬೇಕು?

ಆಧಾರ್, ಬಿಪಿಎಲ್ ಕಾರ್ಡ್ ಇದ್ರ ಅದು, ತಾಯಿ ಕಾರ್ಡ್, ಹುಟ್ಟಿದಾಗಿನ ದವಾಖಾನಿ ಕಾಗದ, ಕಣ್ಣು-ಕಿವಿ ರಿಪೋರ್ಟ್, ಎರಡು ಮೂರು ವರ್ಷದ ಮಾರ್ಕ್ಸ್ ಕಾರ್ಡ್, ಕ್ಲಾಸ್ ಟೀಚರ್ ಕೈಲೆ ಬರಸ್ಕೊಂಡ ಒಂದ್ ಚೀಟಿ. ಪಟ್ಟಿ ಒಯ್ಯೋವಾಗ ಚಂದ ಬರದಿರೋದು ಆರಿಸಬ್ಯಾಡ್ರಿ, ಹರಕು ಮುರುಕು ಇರೋದ ಒಯ್ಯ್ರಿ, ಮೊದಲ ಎರಡು ಸಾಲು ನೆಟ್ಟಗ ಇದ್ದು ಮೂರನೇದಕ್ಕ ಅಕ್ಷರ ಕುಸ್ಯಾಕ ಹತ್ತಿರ್ತಾವಲ್ಲ, ಅವ್ರು ನೋಡೋದು ಅದನ್ನ. ಹುಡುಗನ್ನ ಊಟ ಮಾಡ್ಸಿ ಕರಕೊಂಡು ಹೋಗ್ರಿ, ಚೀಲದಾಗ ನೀರು, ಬಿಸ್ಕಿಟ್ ಇರ್ಲಿ, ಚಷ್ಮಾ ಇದ್ರ ಮರೀಬ್ಯಾಡ್ರಿ. ನಾವು ಮರ್ತಿದ್ವಿ, ಮೂರನೇ ಸಲ ಹೋಗಬೇಕಾತು.